ತೊಟ್ಟಿಗೆ ಪಾಲು ಹಾಕಬೇಡಿ

ಅಣ್ಣತಮ್ಮಂದಿರು ಕಚ್ಚಾಡುವುದು ತೋಟಕ್ಕಾಗಿ ಎಂಬುದು ಹೊರಗಿನವರ ಎಣಿಕೆ. ಪಾಲುಪಟ್ಟಿ ಬರೆಯುವವನ ಅನುಭವ ಬೇರೆ. ತೋಟಕ್ಕೆ ಸರ್ವೆ ನಂಬರಿದೆ, ಪಹಣಿಯಿದೆ, ತೀರಾ ಹಟಕ್ಕೆ ಬಿದ್ದರೆ ಅಡಿಕೆ ಮರ ಎಣಿಸಿಯೂ ಹಂಚಬಹುದು. ಬೆಳಿಗ್ಗೆ ಶುರುವಾದ ಮಾತು ಮಧ್ಯಾಹ್ನದ ಹೊತ್ತಿಗೆ ತೋಟ, ಗದ್ದೆ, ಸೊಸೈಟಿ ಸಾಲ, ಅಮ್ಮನ ಬಂಗಾರ ಎಲ್ಲವನ್ನೂ ದಾಟಿರುತ್ತದೆ. ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಮನೆಯ ವಿಚಾರ ಎತ್ತಿದಾಗ ದನಿ ಏರುತ್ತದೆ. ಮೂಡಣ ಭಾಗ ಹಿರಿಯವನಿಗೆ, ಪಡುವಣ ಭಾಗ ಕಿರಿಯವನಿಗೆ ಎಂದಾದ ಮೇಲೂ ನಡುವೆ ತೊಟ್ಟಿ ಉಳಿಯುತ್ತದಲ್ಲ, ಅದರ ಗತಿ? ತುಳಸಿಕಟ್ಟೆ ಯಾರ ಕಡೆ? ನೀರು ಹೋಗುವ ಕಿಂಡಿ ಯಾರ ಜಗಲಿಯಡಿ? ಸಾಗರದ ಸೀಮೆಯಲ್ಲಿ ಪತ್ರ ಬರೆದೇ ತಲೆ ನರೆಸಿಕೊಂಡವನು ನಾನು. ಈ ಕೆಲಸದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯ ಇಷ್ಟೇ: ತೊಟ್ಟಿಯನ್ನು ಏನಕ್ಕೆ ಬೇಕಾದರೂ ಬಳಸಿಕೊಳ್ಳಿ, ಅದಕ್ಕೆ ಗೆರೆ ಎಳೆಯಬೇಡಿ, ಮುಚ್ಚಳ ಹಾಕಬೇಡಿ.

ಹಳೇ ಪತ್ರಗಳಲ್ಲಿ ಮನೆಯ ಅಳತೆ ಅಡಿಯಲ್ಲಿ ಇರುವುದಿಲ್ಲ, ಅಂಕಣದಲ್ಲಿ ಇರುತ್ತದೆ. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಇಷ್ಟು ಅಂಕಣದ ಹಂಚಿನ ಮನೆ, ಕೊಟ್ಟಿಗೆ, ಬಾವಿ, ಹಿತ್ತಲು ಸಹ ಎಂದು ಬರೆದು ಚೆಕ್ಕುಬಂದಿ ಹಾಕಿದರೆ ಮುಗಿಯಿತು. ತೊಟ್ಟಿಯ ಮೇಲೆ ತೊಲೆಯಿಲ್ಲ, ಹಾಗಾಗಿ ಅದು ಯಾವ ಅಂಕಣಕ್ಕೂ ಸೇರುವುದಿಲ್ಲ. ಹುಟ್ಟು, ಮದುವೆ, ಹಬ್ಬ ಎಲ್ಲದಕ್ಕೂ ಬೇಕಾದ ಜಾಗ ಪತ್ರದಲ್ಲಿ ಹೆಸರಿಗೂ ಸಿಗುವುದಿಲ್ಲ. ಕೂಡು ಕುಟುಂಬವಿದ್ದಷ್ಟು ದಿನ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಪಾಲಿನ ಮಾತು ಬಂದಾಗ ಲೆಕ್ಕಕ್ಕಿಲ್ಲದ ಜಾಗವನ್ನು ಒಂದೋ ಎಲ್ಲರೂ ತಮ್ಮದೆನ್ನುತ್ತಾರೆ, ಇಲ್ಲವೇ ಯಾರೂ ತಮ್ಮದೆನ್ನುವುದಿಲ್ಲ. ಎರಡನೆಯದು ಹೆಚ್ಚು ಅಪಾಯ. ಯಾರದೂ ಅಲ್ಲದ ಜಾಗವನ್ನು ಯಾರು ಗುಡಿಸುತ್ತಾರೆ?

ತೊಟ್ಟಿ ಎಂದರೆ ಖಾಲಿ ಜಾಗ ಎಂದುಕೊಂಡವರು ಆಷಾಢದಲ್ಲೊಮ್ಮೆ ಬಂದು ಜಗಲಿಯಲ್ಲಿ ಕೂರಬೇಕು. ನಾಲ್ಕೂ ಕಡೆಯ ಮಾಡು ಒಳಮುಖವಾಗಿ ಇಳಿಯುತ್ತದೆ. ಎರಡು ಮಾಡು ಕೂಡುವ ಮೂಲೆಯಲ್ಲಿ ತಗಡಿನದೋ ತಾಮ್ರದ್ದೋ ದೋಣಿ. ಅನುಕೂಲ ಕಡಿಮೆಯಿದ್ದವರಲ್ಲಿ ಅಡಿಕೆ ಮರ ಸೀಳಿ ತಿರುಳು ತೆಗೆದ ದೋಣಿ. ಒಳಮಾಡಿನ ನೀರೆಲ್ಲ ಆ ಮೂಲೆಗಳಿಂದ ಧಾರೆಯಾಗಿ ಬೀಳುತ್ತದೆ. ಬೀಳುವ ಕಡೆ ದಪ್ಪ ಕಲ್ಲು ಇಟ್ಟಿರುತ್ತಾರೆ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ನೆಲ ಗುಂಡಿ ಬೀಳುತ್ತದೆ. ತೊಟ್ಟಿಯ ನೆಲ ಜಗಲಿಗಿಂತ ಮೊಳದಷ್ಟು ತಗ್ಗು, ಒಂದು ಮೂಲೆಗೆ ತುಸು ಇಳಿಜಾರು, ಅಲ್ಲೊಂದು ಕಿಂಡಿ, ಕಿಂಡಿಯಿಂದ ಜಗಲಿಯಡಿ ಹಾಯ್ದು ಹಿತ್ತಲಿಗೆ ಹೋಗುವ ಕಲ್ಲಿನ ಮೋರಿ. ಅಡಿಕೆ ಸಿಪ್ಪೆಯೋ ಬಾಳೆ ಎಲೆಯ ಚೂರೋ ಸಿಕ್ಕಿ ಮೋರಿ ಕಟ್ಟಿತೆಂದರೆ ಅರ್ಧ ಗಂಟೆಯೊಳಗೆ ಜಗಲಿಗೆ ನೀರು. ರಾತ್ರಿ ಎದ್ದು ಲಾಟೀನು ಹಿಡಿದು, ಕೋಲು ಹಾಕಿ ಕಿಂಡಿ ಚುಚ್ಚುವ ಕೆಲಸಕ್ಕೆ ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಿದ್ದರು. ನಮ್ಮ ಮನೆಯಲ್ಲಿ ಅದು ಚಿಕ್ಕಪ್ಪ. ಬೇರೆ ಯಾವ ಕೆಲಸಕ್ಕೂ ಅವರು ಹೆಸರಾಗಿರಲಿಲ್ಲ.

ಮಳೆ ಬಿಟ್ಟ ಮೇಲೆ ಅದೇ ತೆರವು ಇನ್ನೊಂದು ಕೆಲಸ ಹಿಡಿಯುತ್ತದೆ. ಮಣ್ಣಿನ ಗೋಡೆ ದಪ್ಪ, ಹೊರಗೋಡೆಯ ಕಿಟಕಿ ಸಣ್ಣದು. ಬೆಳಕು ಬರುವುದಿದ್ದರೆ ತೊಟ್ಟಿಯಿಂದಲೇ ಬರಬೇಕು. ಅಡುಗೆ ಒಲೆ, ಬಚ್ಚಲ ಒಲೆಗಳ ಹೊಗೆಯೂ ಬಿಸಿಗಾಳಿಯೂ ಅಲ್ಲಿಂದಲೇ ಮೇಲೆ ಹೋಗಬೇಕು. ಹೋದ ಜಾಗಕ್ಕೆ ಹೆಬ್ಬಾಗಿಲಿಂದ ತಂಪು ಗಾಳಿ ಒಳಬರುತ್ತದೆ. ಏಪ್ರಿಲ್ ತಿಂಗಳಲ್ಲಿ ಫ್ಯಾನಿಲ್ಲದೆ ನಡುಮನೆಯಲ್ಲಿ ಮಲಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಳೇದರ ಗುಣಗಾನ ಮಾಡಲು ಮಾತ್ರ ನಾನು ಹೊರಟಿಲ್ಲ. ಈ ಸೀಮೆಯ ದೊಡ್ಡ ಮನೆಗಳ ಅಂಗಳವನ್ನೂ ತೊಟ್ಟಿಯನ್ನೂ ತುಂಬುತ್ತಿದ್ದದ್ದು ಗೇಣಿ ಬತ್ತ. ಒಕ್ಕಲು ಬೆಳೆದು ತಂದ ಬತ್ತವನ್ನು ಒಡೆಯರು ತಮ್ಮ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಆ ಕೊಳಗದ ಅಳತೆಯೇ ಮೋಸದ್ದು ಎಂಬ ಸಿಟ್ಟಿನಿಂದ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆಯಿತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಕಟ್ಟಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಬತ್ತ ಒಳಗೆ ಬರುತ್ತಿತ್ತು, ಬೆಳೆದವನು ಹೊರಗಂಗಳದಲ್ಲೇ ನಿಲ್ಲುತ್ತಿದ್ದ. ಮನೆಯೊಳಗಿನವರಿಗೂ ತೊಟ್ಟಿ ಸಮಾನವಾಗಿ ದಕ್ಕುತ್ತಿರಲಿಲ್ಲ. ನಮ್ಮ ಅಜ್ಜಿ ಮಡಿಯಾದ ಮೇಲೆ, ನೆಂಟರಿದ್ದ ದಿನ ಅಡುಗೆಮನೆ ಕಡೆಯ ಜಗಲಿ ದಾಟಿ ಮುಂದೆ ಬಂದವರಲ್ಲ. ಮೂರು ದಿನ ಹೊರಗಿರಬೇಕಾದ ಹೆಂಗಸರಿಗೆ ತೊಟ್ಟಿಯ ಬಿಸಿಲೂ ಇರಲಿಲ್ಲ. ಆ ಬಳಕೆಗಳು ಹೋದದ್ದಕ್ಕೆ ಒಂದು ತೊಟ್ಟೂ ಕಣ್ಣೀರು ಬೇಡ.

1974ರ ಮಾರ್ಚ್ ಒಂದರಿಂದ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು, ಗೇಣಿದಾರರು ಏಳನೇ ನಮೂನೆ ಬರೆದು ಡಿಕ್ಲರೇಷನ್ ಕೊಟ್ಟರು, ಗೇಣಿ ನಿಂತಿತು. ಗದ್ದೆ ಹೋದ ಮನೆಗಳ ತೊಟ್ಟಿಗೆ ಅಲ್ಲಿಂದ ಕೆಲಸ ತಪ್ಪಿತು. ಜನ ಪಟ್ಟಣ ಸೇರಿದ್ದು, ಫ್ಯಾಷನ್ ಬದಲಾದದ್ದು ಎಲ್ಲ ಆಮೇಲಿನ ಕಾರಣಗಳು. ಅದಕ್ಕೂ ಮೊದಲೇ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಎಷ್ಟೋ ಮನೆಗಳನ್ನು ನುಂಗಿತ್ತು. ಮುಳುಗಡೆಯವರು ಕಂಬ, ಬಾಗಿಲು, ಹಂಚು ಬಿಚ್ಚಿ ಗಾಡಿಗೆ ಹೇರಿಕೊಂಡು ಬಂದರು; ಹೊಸ ಜಾಗದಲ್ಲಿ ಕಟ್ಟಿದ್ದು ಉದ್ದನೆಯ ಎರಡು ಅಂಕಣದ ಮನೆ. ತೊಟ್ಟಿಯನ್ನು ಗಾಡಿಗೆ ಹೇರಲು ಬರುವುದಿಲ್ಲ.

ಹಾಗಂತ ಉಳಿದವು ಸುಮ್ಮನೆ ಕೂತಿಲ್ಲ. ಹಪ್ಪಳ ಸಂಡಿಗೆಗೆ, ಬಾಣಂತಿ ಮಗುವಿನ ಎಳೆ ಬಿಸಿಲಿಗೆ ಈಗಲೂ ತೊಟ್ಟಿಯೇ. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿಯಿಡೀ ಅಡಿಕೆ ಸುಲಿಯುತ್ತಿದ್ದ ಜಗಲಿಗೆ ಕೆಲವು ಕಡೆ ಸುಲಿಯುವ ಯಂತ್ರ ಬಂದಿದೆ, ಮಾತು ಕೇಳಿಸುವುದಿಲ್ಲ. ವಾಷಿಂಗ್ ಮಷಿನ್ ಬಂದಿದೆ, ಬೈಕು ನಿಲ್ಲುತ್ತದೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಹುಡುಗರೆಲ್ಲ ಊರಿಗೆ ಬಂದರಲ್ಲ, ಆಗ ದಪ್ಪ ಗೋಡೆಯ ಕೋಣೆಗಳಲ್ಲಿ ಸಿಗದ ಮೊಬೈಲ್ ಸಿಗ್ನಲ್ ಎರಡು ಕಡ್ಡಿಯಷ್ಟು ಸಿಕ್ಕಿದ್ದು ತೊಟ್ಟಿಯಲ್ಲಿ. ನನ್ನ ಕಕ್ಷಿದಾರರೊಬ್ಬರ ಮನೆಯಲ್ಲಿ ತುಳಸಿಕಟ್ಟೆಗೆ ಲ್ಯಾಪ್‌ಟಾಪ್ ಒರಗಿಸಿಕೊಂಡು ಮೊಮ್ಮಗ ಅಮೆರಿಕದ ಕಂಪನಿಯ ಮೀಟಿಂಗು ಮಾಡುತ್ತಿದ್ದ. ಅಜ್ಜಿ ಪ್ರದಕ್ಷಿಣೆ ಬರುವಾಗ ಅವನು ಕ್ಯಾಮೆರಾ ಆಫ್ ಮಾಡಬೇಕು ಎಂಬ ಒಪ್ಪಂದವಾಗಿತ್ತು. ಇದರಲ್ಲಿ ಅಪಚಾರವೇನೂ ನನಗೆ ಕಾಣಲಿಲ್ಲ. ನಾವು ಸನಾತನವೆಂಬಂತೆ ತೋರಿಸುವ ಮಂಗಳೂರು ಹಂಚೇ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದದ್ದು. ಅದಕ್ಕೂ ಮೊದಲು ಸೋಗೆ, ಹುಲ್ಲು, ನಾಡಹಂಚು. ಮನೆ ಯಾವಾಗಲೂ ಬದಲಾಗುತ್ತಲೇ ಬಂದಿದೆ.

ನನ್ನ ತಕರಾರು ಎರಡಕ್ಕೆ ಮಾತ್ರ. ಒಂದು, ಶೀಟು.

ಈಗ ಹಳ್ಳಿಗೆ ಹೋದರೆ ಮೂರು ತೊಟ್ಟಿಯಲ್ಲಿ ಒಂದಕ್ಕಾದರೂ ಫೈಬರ್ ಶೀಟೋ ಪಾಲಿಕಾರ್ಬನೇಟೋ ಹೊದಿಸಿದ್ದು ಕಾಣುತ್ತದೆ. ಹೊದಿಸುವವರ ಕಾರಣಗಳು ಸುಳ್ಳಲ್ಲ. ಮಂಗನ ಕಾಟ. ಕಳ್ಳರ ಭಯ, ಮನೆಯಲ್ಲಿ ಇರುವುದೇ ಇಬ್ಬರು ಮುದುಕರು. ಮಳೆಯ ಇರಚಲು ಜಗಲಿಗೆ ಹೊಡೆಯುತ್ತದೆ, ತೊಟ್ಟಿಯಲ್ಲಿ ಪಾಚಿ ಕಟ್ಟುತ್ತದೆ, ಅಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಮಣಿಪಾಲಕ್ಕೆ ಓಡಬೇಕು. ಇಷ್ಟೆಲ್ಲ ಕೇಳಿದ ಮೇಲೂ ಬೇಡ ಎನ್ನುತ್ತೇನೆ. ಸೂರಿಗೆ ತಾಗಿಸಿ ಶೀಟು ಬಡಿದ ಮನೆಗೆ ಎರಡು ಮಳೆಗಾಲ ಬಿಟ್ಟು ಹೋಗಿ ನೋಡಿ. ಶೀಟಿನ ಮೇಲೆ ಹಸಿರು ಪಾಚಿ, ಕೆಳಗೆ ಅಡುಗೆ ಒಗ್ಗರಣೆಯ ಘಾಟು, ತೇವ ಹೋಗಲು ದಾರಿಯಿಲ್ಲದೆ ಕಂಬದ ಬುಡದಲ್ಲಿ ಒರಲೆ. ಹಗಲಲ್ಲೂ ದೀಪ ಹಾಕಬೇಕು. ಬೇಸಿಗೆಯಲ್ಲಿ ಕೂರಲಾಗುವುದಿಲ್ಲವೆಂದು ಎಸಿ ವಿಚಾರಿಸುತ್ತಾರೆ. ಮಳೆ ಜೋರಾದರೆ ಶೀಟಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಮಂಗಕ್ಕೂ ಕಳ್ಳನಿಗೂ ಕಬ್ಬಿಣದ ಜಾಲರಿ ಸಾಕು, ಅದು ಗಾಳಿಯನ್ನೂ ತಡೆಯುವುದಿಲ್ಲ, ಮಳೆಯನ್ನೂ ತಡೆಯುವುದಿಲ್ಲ. ಜಾರುವ ನೆಲಕ್ಕೆ ಒರಟು ಕಲ್ಲು ಹಾಸಿ. ಹೊದಿಸಲೇಬೇಕು ಎನ್ನುವವರು ಮಾಡಿನಿಂದ ಎರಡಡಿ ಮೇಲಕ್ಕೆತ್ತಿ ಹೊದಿಸಿ, ನಾಲ್ಕೂ ಕಡೆ ಗಾಳಿಗೆ ದಾರಿ ಬಿಡಿ. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ, ಮರಮುಟ್ಟು ಉಳಿಯುತ್ತದೆ.

ಎರಡನೆಯದು ಗೋಡೆ. ಇದು ನನ್ನ ಕಸುಬಿಗೆ ಸೇರಿದ್ದು.

ಒಂದು ಪಾಲುಪಟ್ಟಿ ನೆನಪಿದೆ. ಇಬ್ಬರು ಅಣ್ಣತಮ್ಮಂದಿರು, ಮಾತು ಬಿಟ್ಟು ವರ್ಷಗಳಾಗಿದ್ದವು. ತೊಟ್ಟಿಯ ನಟ್ಟನಡುವೆ ದಾರ ಹಿಡಿಸಿ, ಆ ಗೆರೆಯ ಮೇಲೆ ಗೋಡೆ ಎಂದು ಬರೆಸಿದರು. ಬೇಡವೆಂದು ಹೇಳುವಷ್ಟು ಹೇಳಿದೆ, ಬರೆಸುವವರು ಅವರು. ಹಾಲೋಬ್ಲಾಕಿನ ಗೋಡೆ ಆಳೆತ್ತರ ಎದ್ದಿತು. ಮೋರಿ ತಮ್ಮನ ಕಡೆ ಉಳಿಯಿತು, ಹಾಗಾಗಿ ಅಣ್ಣ ತನ್ನ ಜಗಲಿ ಒಡೆದು ಬೇರೆ ಮೋರಿ ತೆಗೆಸಬೇಕಾಯಿತು. ಬೆಳಗಿನ ಬಿಸಿಲು ಒಬ್ಬನಿಗೆ ಹೋಯಿತು, ಸಂಜೆಯದು ಇನ್ನೊಬ್ಬನಿಗೆ. ಕೆಲವು ಕಾಲದ ಮೇಲೆ ತಮ್ಮ ತನ್ನ ಭಾಗವನ್ನು ಕಂಬ, ಬಾಗಿಲು ಸಮೇತ ಹಳೇ ಮರದ ವ್ಯಾಪಾರಿಗೆ ಮಾರಿದ. ಆ ಕಡೆಯ ಮಾಡು ಇಳಿಸಿದಾಗ ಎರಡು ಮೂಲೆಯ ದೋಣಿಗಳು ಆಧಾರ ತಪ್ಪಿ ಕುಸಿದವು, ಅಣ್ಣನ ಕಡೆಯ ನಡುಮನೆಗೆ ನೀರು ಸುರಿಯಿತು. ನಾಲ್ಕು ಮಾಡು ಒಂದಕ್ಕೊಂದು ಕೈ ಕೊಟ್ಟು ನಿಂತ ಕಟ್ಟಡದಲ್ಲಿ ಅರ್ಧ ಮನೆ ಎಂಬುದು ಇರುವುದಿಲ್ಲ. ಈಗ ಅಲ್ಲಿ ಆರ್‌ಸಿಸಿ ಮನೆಗಳೆರಡು. ಆ ಕಂಬಗಳು ಎಲ್ಲಿ ಹೋದವೋ. ಕಾರೈಕುಡಿ, ಕೊಚ್ಚಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಇಂಥ ಕಂಬಗಳು ಸಾಲಾಗಿ ನಿಂತಿರುತ್ತವೆ, ಬೆಂಗಳೂರಿನ ವಿಲ್ಲಾಗಳಿಗೆ ಅವನ್ನು ಕೊಂಡೊಯ್ಯುವವರೂ ಇದ್ದಾರೆ. ಅಲ್ಲಿ ಆರ್ಕಿಟೆಕ್ಟಿಗೆ ದುಡ್ಡು ಕೊಟ್ಟು ನಡುಮಧ್ಯೆ ತೊಟ್ಟಿ ಮಾಡಿಸಿ, ಮೇಲೆ ಗಾಜು ಹಾಕಿಸುತ್ತಾರೆ.

ಹೆಣ್ಣುಮಕ್ಕಳಿಗೆ ಪಾಲು ಬಂದದ್ದರಿಂದಲೇ ಮನೆಗಳು ಒಡೆದವು ಎಂದು ಕಟ್ಟೆಯ ಮೇಲೆ ಕೂತು ಹೇಳುವವರಿದ್ದಾರೆ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂತು, ಮಗಳೂ ಹುಟ್ಟಿನಿಂದಲೇ ಹಕ್ಕುದಾರಳಾದಳು. ನಾನು ಕಂಡಂತೆ ತೊಟ್ಟಿಗೆ ಗೋಡೆ ಹಾಕಿಸಿದವರು ಗಂಡಸರು. ಅಕ್ಕತಂಗಿಯರು ಬಹುಪಾಲು ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟೊತ್ತಿ, ಸಹಿ ಹಾಕಿ ಹೋದವರೇ. ಹಾಗೆ ಹೋಗದೆ ಪಾಲು ಕೇಳಿ ಕೂತವರು ಮನೆ ಒಡೆಯಬೇಡಿ ಎಂದದ್ದೂ ಉಂಟು.

ಕಾನೂನಿನಲ್ಲಿ ಆಸರೆ ಇಲ್ಲದಿಲ್ಲ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಬ್ಬನ ಪಾಲನ್ನು ಹೊರಗಿನವನು ಕೊಂಡು, ಪಾಲು ಮಾಡಿಕೊಡಿ ಎಂದು ಕೋರ್ಟಿಗೆ ಬಂದರೆ, ಬೆಲೆ ಕಟ್ಟಿಸಿ ಆ ಪಾಲನ್ನು ಮನೆಯವರೇ ಕೊಂಡುಕೊಳ್ಳಲು 1893ರ ವಿಭಾಗ ಕಾಯ್ದೆಯ ನಾಲ್ಕನೇ ಕಲಮು ಅವಕಾಶ ಕೊಡುತ್ತದೆ. ಗಾಳಿ ಬೆಳಕಿನ ಹಕ್ಕಿಗೆ 1882ರ ಈಸ್‌ಮೆಂಟ್ ಕಾಯ್ದೆಯಿದೆ, ಆದರೆ ಅನುಭವದ ಬಲದಿಂದ ಆ ಹಕ್ಕು ಸಿದ್ಧಿಸಬೇಕಾದರೆ 20 ವರ್ಷ ಅಡ್ಡಿಯಿಲ್ಲದೆ ಅನುಭವಿಸಿರಬೇಕು. ನಿನ್ನೆ ಪಾಲಾದವರು ಅಷ್ಟು ಕಾಯುವ ಬದಲು ಇಂದೇ ಪತ್ರದಲ್ಲಿ ಬರೆದುಕೊಳ್ಳುವುದು ಲೇಸು. ಸರ್ಕಾರ ಬಂದು ಉಳಿಸಲಿ ಎಂದು ಕೂರುವುದರಲ್ಲಿ ಅರ್ಥವಿಲ್ಲ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಹುಟ್ಟಿದ್ದೇ ಸ್ಮಾರಕಗಳಿಗಾಗಿ. ಬಚ್ಚಲಿಗೆ ಟೈಲ್ಸ್ ಹಾಕಲೂ ಅನುಮತಿ ಕೇಳುವ ಸ್ಥಿತಿ ಬದುಕುವ ಮನೆಗೆ ಯಾರಿಗೂ ಬೇಡ.

ಮ್ಯೂಸಿಯಂ ಆಗಿ ಉಳಿದವೂ ಇವೆ. ಕುಪ್ಪಳಿಯ ಕವಿಮನೆಗೆ ಹೋಗಿ ಬಂದವರಿಗೆ ಆ ತೊಟ್ಟಿ, ತುಳಸಿಕಟ್ಟೆ ಗೊತ್ತು. ಕುವೆಂಪು ಮನೆ ಎಂಬ ಕಾರಣಕ್ಕೆ ಅದು ಉಳಿಯಬೇಕಾದ್ದೇ, ಚೆನ್ನಾಗಿಯೂ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು, ಕಂಬಕ್ಕೆ ಕಂಬ ಜೋಡಿಸಿ ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿ ಮನೆ ಅಲ್ಲಿದೆ. ಅವರ ಹಟವಿಲ್ಲದಿದ್ದರೆ ಆ ಕೆತ್ತನೆಯೆಲ್ಲ ಸೌದೆಯಾಗುತ್ತಿತ್ತು. ಆದರೂ ಊರಿಗೊಂದು ಮ್ಯೂಸಿಯಂ ಮಾಡಲಾದೀತೆ? ನನಗೆ ಹೆಚ್ಚು ಹಿಡಿಸುವುದು ಮೈಸೂರು ಅರಮನೆಯ ಉದಾಹರಣೆ. 1897ರಲ್ಲಿ ಮರದ ಅರಮನೆ ಸುಟ್ಟಿತು, ಹೆನ್ರಿ ಇರ್ವಿನ್ ನಕ್ಷೆಯಂತೆ ಹೊಸದು 1912ರಲ್ಲಿ ಮುಗಿಯಿತು. ರಾಜ್ಯ ಹೋಯಿತು, ಅರಮನೆಗೆ ಟಿಕೆಟ್ಟು ಬಂತು. ಆದರೂ ವಿಜಯದಶಮಿಯ ದಿನ ಒಳಗಿನ ತೊಟ್ಟಿಯಲ್ಲಿ ಮಣ್ಣಿನ ಅಖಾಡ ಹಾಕಿ, ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ. ನೆತ್ತರು ಚಿಮ್ಮಿದ ಕೂಡಲೇ ಮುಗಿಯುತ್ತದೆ. ಕ್ಷಣಗಳ ಕೆಲಸ. ಅಷ್ಟಕ್ಕಾಗಿ ಆ ಜಾಗ ಬಯಲಾಗಿಯೇ ಇರಬೇಕು, ಇದೆ.

ಹೋಂಸ್ಟೇ ವಿಚಾರದಲ್ಲಿ ನನ್ನ ವಯಸ್ಸಿನವರು ಮೂಗು ಮುರಿಯುತ್ತಾರೆ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯ ದೊಡ್ಡಮನೆಯಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದಾಗಿನಿಂದ ಆ ಮನೆ ನೋಡಲು ಜನ ಬರುತ್ತಲೇ ಇದ್ದಾರೆ. ಈಗ ಮದುವೆಗೆ ಮುಂಚಿನ ಫೋಟೋಗೆಂದು ಹುಡುಗ ಹುಡುಗಿ ಬಂದು ಕಂಬ ಅಪ್ಪಿ ನಿಲ್ಲುತ್ತಾರೆ, ವಾರಾಂತ್ಯದಲ್ಲಿ ಬೆಂಗಳೂರಿನವರು ತೊಟ್ಟಿಯ ಸುತ್ತ ಎಲೆ ಹಾಕಿಸಿಕೊಂಡು ಕೊಟ್ಟೆ ಕಡುಬು ತಿನ್ನುತ್ತಾರೆ. ತಿನ್ನಲಿ. ಹಿಂದೆ ಹೊರಗಂಗಳ ದಾಟಲಾಗದಿದ್ದವರ ಮೊಮ್ಮಕ್ಕಳು ಇವತ್ತು ಕೋಣೆ ಬುಕ್ ಮಾಡಿ ಬಂದು ಅದೇ ಜಗಲಿಯಲ್ಲಿ ಕಾಲು ಚಾಚಿ ಕೂರಬಹುದು, ಯಾರೂ ಯಾರ ಜಾತಿ ಕೇಳುವಂತಿಲ್ಲ. ಬಾಡಿಗೆ ಹಣದಿಂದ ಮಾಡು ರಿಪೇರಿಯಾಗುತ್ತದೆ. ನನಗೆ ಕಿರಿಕಿರಿ ಆಗುವುದು ಒಂದಕ್ಕೇ: ಅತಿಥಿಗಳಿಗೆ ಇರಚಲು ಆಗುತ್ತದೆಂದು ಅಲ್ಲೂ ಶೀಟು ಹೊದಿಸಿ, ಕೆಳಗೆ ಪ್ಲಾಸ್ಟಿಕ್ ಹುಲ್ಲು ಹಾಸಿದಾಗ. ಮಳೆ ನೋಡಲೆಂದೇ ಬಂದವರಿಂದ ಮಳೆಯನ್ನು ಮರೆಮಾಡಿ ದುಡ್ಡು ತೆಗೆದುಕೊಳ್ಳುವುದು ವ್ಯಾಪಾರವೂ ಅಲ್ಲ.

ಈಗ ಪಾಲುಪಟ್ಟಿಗೆ ಕೂತರೆ ನಾನು ಮೊದಲೇ ಒಂದು ಷೆಡ್ಯೂಲು ಬೇರೆ ಇಡುತ್ತೇನೆ. ಅದರಲ್ಲಿ ತೊಟ್ಟಿಯ ಉದ್ದಗಲ ಅಡಿಯಲ್ಲಿ, ಸುತ್ತಲಿನ ಜಗಲಿ, ನಾಲ್ಕು ಮೂಲೆಯ ದೋಣಿ, ಮೋರಿ ಎಲ್ಲ ಬರುತ್ತವೆ. ಇವಿಷ್ಟೂ ಸಾಮಾಯಿಕ, ಯಾರೂ ಇಲ್ಲಿ ಗೋಡೆ, ಶೀಟು ಹಾಕತಕ್ಕದ್ದಲ್ಲ, ಗಾಳಿ, ಬೆಳಕು, ನೀರು, ನಡೆ ಎಲ್ಲರಿಗೂ, ಮದುವೆ, ಹಬ್ಬ, ತಿಥಿಗೆ ಎಲ್ಲ ಹಕ್ಕುದಾರರಿಗೂ ಬಳಕೆ, ಬಾಡಿಗೆಗೆ ಕೊಟ್ಟರೆ ಬಂದದ್ದು ಎಲ್ಲರಿಗೂ ಸಮ. ಕೊಡಗಿನಲ್ಲಿ ಒಕ್ಕದವರು ಐನ್‌ಮನೆಯನ್ನು ಎಲ್ಲರದೆಂದು ಉಳಿಸಿಕೊಂಡು ಪುತ್ತರಿಗೆ, ಕೈಲ್‌ಪೊಳ್ದ್‌ಗೆ ಸೇರುತ್ತಾರಲ್ಲ, ಆ ಪದ್ಧತಿ ನಮ್ಮಲ್ಲಿಲ್ಲ. ಪದ್ಧತಿ ಇಲ್ಲದ ಕಡೆ ಛಾಪಾ ಕಾಗದವೇ ಗತಿ.

ಹೋದ ವರ್ಷ ಹೀಗೇ ಒಂದು ಪತ್ರ ಮಾಡುವಾಗ ಐರ್ಲೆಂಡಿನಲ್ಲಿರುವ ಮಗಳು ಫೋನಿನಲ್ಲಿದ್ದಳು. ಕೋಣೆ ಯಾವುದೂ ಬೇಡ, ಸಾಮಾಯಿಕದಲ್ಲಿ ಮಾತ್ರ ನನ್ನ ಹೆಸರಿರಲಿ ಎಂದಳು. ಅಣ್ಣಂದಿರಿಗೆ ನಗು. ನಾನು ಪೆನ್ನು ಕೆಳಗಿಟ್ಟು, ಹಂಚು ಕೈಯಾಡಿಸುವ ಖರ್ಚಿನಲ್ಲಿ ನಿನ್ನ ಭಾಗ ಬರುತ್ತದೆ ತಂಗಿ, ಪ್ರತಿ ಮೇ ತಿಂಗಳು, ಹಂಚು ಸಿಗುವುದೂ ಕಷ್ಟ, ಹತ್ತುವ ಆಳು ಸಿಗುವುದು ಇನ್ನೂ ಕಷ್ಟ ಎಂದೆ. ಎಷ್ಟಾಗುತ್ತದೆ ಎಂದು ಕೇಳಿದಳು, ಹೇಳಿದೆ. ಆ ಸಾಲನ್ನೂ ಬರೆಸಿದಳು. ಆವತ್ತಿನಿಂದ ಎಲ್ಲರ ಪತ್ರದಲ್ಲೂ ಅದನ್ನು ಸೇರಿಸುತ್ತೇನೆ: ಮೇ ತಿಂಗಳ ಕೈಯಾಡಿಕೆ, ಒಡೆದ ಹಂಚು, ಮೋರಿ ಬಿಡಿಸುವ ಕೂಲಿ, ಯಾರದು ಎಷ್ಟು. ಆ ಸಾಲು ಬೇಡ ಎನ್ನುವವರು ಬೇರೆ ಬರಹಗಾರರನ್ನು ನೋಡಿಕೊಳ್ಳಬಹುದು, ಬಸ್‌ಸ್ಟ್ಯಾಂಡಿನ ಹತ್ತಿರ ಬೇಕಾದಷ್ಟು ಜನ ಇದ್ದಾರೆ.